ಹುಲ್ಲು ಮಣ್ಣಾಗುವ ಪರಿ

ತುಂಗಭದ್ರೆಯ ಕಾಲುವೆ ಹರಿಯುವ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆಗಳಲ್ಲಿ ಬತ್ತದ ಸುಗ್ಗಿಯೆಂದರೆ ಇಂದು ಯಂತ್ರದ ಸುಗ್ಗಿ. ಬೆಳಗ್ಗೆ ಗದ್ದೆಗಿಳಿದ ಕೊಯ್ಲಿನ ಯಂತ್ರ ಮಧ್ಯಾಹ್ನದ ಹೊತ್ತಿಗೆ ಕಾಳನ್ನೆಲ್ಲ ಒಂದು ಕಡೆ ಸುರಿದು, ಮುರಿದು ನುಗ್ಗಾದ ಹುಲ್ಲನ್ನು ಸಾಲುಸಾಲಾಗಿ ನೆಲದ ಮೇಲೆ ಚೆಲ್ಲಿ ಹೊರಟುಹೋಗುತ್ತದೆ. ಆ ಹುಲ್ಲನ್ನು ಆಯ್ದು ಕಟ್ಟುವುದಕ್ಕೆ ಆಳಿಲ್ಲ. ಕಟ್ಟಿದರೆ ಹೇರುವುದಕ್ಕೆ ಗಾಡಿಯಿಲ್ಲ. ಹೇರಿ ಮನೆಗೆ ತಂದರೆ ತಿನ್ನುವುದಕ್ಕೆ ಕೊಟ್ಟಿಗೆಯಲ್ಲಿ ದನವಿಲ್ಲ. ಮುಂದಿನ ಬೆಳೆಗೆ ನೀರು ಬಿಡುವ ದಿನವೋ ಸಮೀಪಿಸುತ್ತಿರುತ್ತದೆ. ಒಂದು ಸಂಜೆ ಗಾಳಿ ತಗ್ಗಿದ ವೇಳೆ ನೋಡಿ ಗದ್ದೆಯ ಯಜಮಾನನು ಬೆಂಕಿಕಡ್ಡಿ ಗೀರುತ್ತಾನೆ. ಅರ್ಧ ಗಂಟೆಯಲ್ಲಿ ಹೊನ್ನಿನ ಬಣ್ಣದ ಬಯಲು ಕಪ್ಪಗಾಗುತ್ತದೆ.

ಇದೇ ದೃಶ್ಯ ಪಂಜಾಬಿನಲ್ಲಿ ನೂರು ಪಾಲು ದೊಡ್ಡದು. ಅಲ್ಲಿ ವರ್ಷಕ್ಕೆ ಸುಮಾರು 2 ಕೋಟಿ ಟನ್ನುಗಳಷ್ಟು ಬತ್ತದ ಹುಲ್ಲು ಹುಟ್ಟುತ್ತದೆ. ಅಂತರ್ಜಲವನ್ನು ಕಾಪಾಡಲೆಂದು 2009ರಲ್ಲಿ ಮಾಡಿದ ಕಾಯಿದೆಯು ನಾಟಿಯನ್ನು ಜೂನ್ ತಿಂಗಳ 10ಕ್ಕೆ ಮುಂಚೆ ಮಾಡಕೂಡದೆಂದು ತಡೆಯಿತು. ನಾಟಿ ತಡವಾದರೆ ಕೊಯ್ಲೂ ತಡ. ಕೊಯ್ಲಿಗೂ ಗೋಧಿಯ ಬಿತ್ತನೆಗೂ ನಡುವೆ ಉಳಿಯುವುದು ಎರಡು ಮೂರು ವಾರ ಮಾತ್ರ. 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹುಲ್ಲು ಸುಡುವುದನ್ನು ನಿಷೇಧಿಸಿತು, ದಂಡ ವಿಧಿಸಲಾಯಿತು, ಆದರೂ ಹೊಗೆ ದಿಲ್ಲಿಯವರೆಗೆ ಹಬ್ಬುವುದು ನಿಲ್ಲಲಿಲ್ಲ. ಸುಡುವವನನ್ನು ಮೂರ್ಖನೆಂದು ಹಳಿಯುವುದು ಸುಲಭ. ಅವನ ಕೈಯಲ್ಲಿರುವ ದಿನಗಳನ್ನು ಎಣಿಸಿ ನೋಡಿದವರು ಮಾತ್ರ ಹಾಗೆ ಹಳಿಯಲಾರರು.

ಆದರೂ ಆ ಅರ್ಧ ಗಂಟೆಯ ಬೆಂಕಿಯಲ್ಲಿ ಹೋದುದೇನೆಂಬುದನ್ನು ಲೆಕ್ಕಹಾಕಲೇಬೇಕು. ಬತ್ತದ ಪೈರು ನೆಲದಿಂದ ಹೀರಿಕೊಂಡ ಸಾರಜನಕದಲ್ಲಿ ನೂರಕ್ಕೆ ಸುಮಾರು 40 ಪಾಲು, ರಂಜಕದಲ್ಲಿ 30ಕ್ಕೂ ಹೆಚ್ಚು ಪಾಲು, ಪೊಟ್ಯಾಷಿನಲ್ಲಂತೂ 80ಕ್ಕೂ ಮಿಕ್ಕ ಪಾಲು ಕಾಳಿಗೆ ಹೋಗದೆ ಹುಲ್ಲಿನಲ್ಲಿಯೇ ನಿಲ್ಲುತ್ತದೆ. ಸುಟ್ಟಾಗ ಸಾರಜನಕ ಹೆಚ್ಚುಕಡಿಮೆ ಪೂರ್ತಿಯಾಗಿ ಗಾಳಿಯ ಪಾಲಾಗುತ್ತದೆ. ರಂಜಕದಲ್ಲಿ ಕಾಲು ಭಾಗ, ಪೊಟ್ಯಾಷಿನಲ್ಲಿ ಐದರಲ್ಲೊಂದು ಭಾಗ ಹೊಗೆಯೊಡನೆ ತೇಲಿಹೋಗುತ್ತದೆ. ಬೂದಿಯಲ್ಲಿ ಉಳಿದದ್ದು ನೆಲಕ್ಕೆ ಸೇರೀತು, ಗಾಳಿ ಬೀಸದಿದ್ದರೆ. ಎಲ್ಲಕ್ಕಿಂತ ಮಿಗಿಲಾಗಿ, ಮಣ್ಣಿಗೆ ಮೃದುತ್ವವನ್ನೂ ತೇವ ಹಿಡಿಯುವ ಗುಣವನ್ನೂ ಕೊಡಬೇಕಾಗಿದ್ದ ಇಂಗಾಲವೆಲ್ಲ ಆಕಾಶಕ್ಕೆ ಏರುತ್ತದೆ.

ತಿಪ್ಪೆಯ ಗೌರವ

ಹುಲ್ಲು ಕಸವೆನಿಸಿಕೊಂಡದ್ದು ಇತ್ತೀಚಿನ ಸಂಗತಿ. ಕಣದ ಅಂಚಿನಲ್ಲಿ ಎದ್ದುನಿಂತ ಬಣವೆಯ ಎತ್ತರವನ್ನು ನೋಡಿಯೇ ಮನೆತನದ ಸ್ಥಿತಿಯನ್ನು ಅಳೆಯುತ್ತಿದ್ದ ಕಾಲವೊಂದಿತ್ತು. ಬಣವೆಯಿಂದ ಹಿರಿದ ಹುಲ್ಲು ಗೋದಲಿಗೆ, ಗೋದಲಿಯಲ್ಲಿ ದನ ಬಿಟ್ಟ ಎಂಜಲು ಹುಲ್ಲು ಅದರ ಕಾಲಡಿಗೆ, ಅಲ್ಲಿ ಸಗಣಿ ಗಂಜಲದಲ್ಲಿ ನೆನೆದದ್ದು ತಿಪ್ಪೆಗೆ, ತಿಪ್ಪೆಯಿಂದ ಗದ್ದೆಗೆ. ಮಲೆನಾಡಿನಲ್ಲಿ ಹುಲ್ಲಿಗೆ ಬದಲು ಬೆಟ್ಟದ ಸೊಪ್ಪು ಕೊಟ್ಟಿಗೆಯ ಹಾಸಾಗುತ್ತಿತ್ತು. ಉಳಿದ ಕ್ರಮವೆಲ್ಲ ಒಂದೇ. ದೀಪಾವಳಿಯಲ್ಲಿ ದೇವರ ಮುಂದೆ, ಹೊಸ್ತಿಲಲ್ಲಿ ಹಚ್ಚಿದಂತೆಯೇ ತಿಪ್ಪೆಯ ಮೇಲೂ ಒಂದು ಹಣತೆ ಇಡುವ ವಾಡಿಕೆ ಅನೇಕ ಹಳ್ಳಿಗಳಲ್ಲಿದೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಣ್ಣ, ತಿಪ್ಪಮ್ಮ ಎಂದು ಹೆಸರಿಡುವ ರೂಢಿಯೂ ಇತ್ತು. ಕೊಳೆಯುವುದೇ ಬದುಕಿಸುವುದೂ ಹೌದೆಂಬ ತಿಳಿವಳಿಕೆ ಆ ಹೆಸರುಗಳಲ್ಲಿ ಅಡಗಿದ್ದಿರಬೇಕು.

ಈ ಕ್ರಮದ ಹಿಂದೆ ಒಂದು ಗಣಿತವಿತ್ತು. ಒಂದು ಎಕರೆ ಗದ್ದೆ ಸುಮಾರು 2 ಟನ್ ಹುಲ್ಲು ಕೊಡುತ್ತದೆಂದು ಇಟ್ಟುಕೊಳ್ಳೋಣ. ಒಂದು ಜೊತೆ ಎತ್ತು ದಿನಕ್ಕೆ ಹತ್ತು ಹನ್ನೊಂದು ಕಿಲೋ ಹುಲ್ಲು ಮೇಯ್ದರೆ ಆ ಹುಲ್ಲು ಆರು ತಿಂಗಳಿಗೆ ಸಾಕು. ಅದೇ ಆರು ತಿಂಗಳಲ್ಲಿ ಆ ಜೊತೆ ಹಾಕುವ ಹಸಿ ಸಗಣಿ, ದಿನಕ್ಕೆ ತಲೆಗೆ 10 ಕಿಲೋ ಎಂದರೂ, ಮೂರೂವರೆಯಿಂದ ನಾಲ್ಕು ಟನ್. ಇನ್ನೊಂದು ಎಕರೆಯ ಹುಲ್ಲನ್ನು ಸೊಗಸಾಗಿ ಕೊಳೆಯಿಸಲು ಬೇಕಾದುದು ಹೆಚ್ಚುಕಡಿಮೆ ಅಷ್ಟೇ ಸಗಣಿ! ಒಂದು ಎಕರೆಯ ಹುಲ್ಲು ಹೊಟ್ಟೆಗೆ, ಇನ್ನೊಂದು ಎಕರೆಯದು ತಿಪ್ಪೆಗೆ. ಯಾರೂ ಕಾಗದದ ಮೇಲೆ ಬರೆಯದೆ ನಡೆದುಕೊಂಡುಬಂದ ಈ ಲೆಕ್ಕದಿಂದ ಎತ್ತಿನ ಜೊತೆಯನ್ನು ಕಳೆದುಬಿಟ್ಟಾಗ ಹುಲ್ಲು ಹೊರೆಯಾಯಿತು.

ಹುಲ್ಲಿನ ಹಟ

ಸುಡುವುದೇಕೆ, ಉತ್ತು ಮಣ್ಣಿಗೆ ಸೇರಿಸಬಾರದೆ ಎಂಬ ಪ್ರಶ್ನೆ ಏಳುವುದು ಸಹಜ. ಬತ್ತದ ಹುಲ್ಲು ಅಷ್ಟು ಸುಲಭವಾಗಿ ಸೋಲುವ ವಸ್ತುವಲ್ಲ. ಅದರ ಮೈಮೇಲೆ ನೀರು ನಿಲ್ಲಗೊಡದ ಮೇಣದ ಲೇಪವಿದೆ. ಅದರ ಒಣ ತೂಕದಲ್ಲಿ ಸುಮಾರು ಹತ್ತರಲ್ಲೊಂದು ಭಾಗ ಮರಳಿನ ಜಾತಿಯದೇ ಆದ ಸಿಲಿಕ. ಕುಡುಗೋಲಿನ ಬಾಯಿ ಬತ್ತದ ಗದ್ದೆಯಲ್ಲಿ ಬೇಗ ಮೊಂಡಾಗುವುದಕ್ಕೆ ಅದೂ ಒಂದು ಕಾರಣ. ಒಳಗೆ ಸೆಲ್ಯುಲೋಸಿನ ನಾರು, ಆ ನಾರನ್ನು ಸುತ್ತಿ ಬಿಗಿದ ಲಿಗ್ನಿನ್. ಇವೆಲ್ಲ ಕೋಟೆಯ ಗೋಡೆಗಳಾದರೆ, ಹುಲ್ಲಿನ ದೊಡ್ಡ ಹಟ ಬೇರೆಯದೇ: ಅದರ ಬಡತನ. ಹುಲ್ಲಿನಲ್ಲಿ ಸಾರಜನಕದ ಒಂದು ಪಾಲಿಗೆ ಇಂಗಾಲ 60ರಿಂದ 80 ಪಾಲು ಇರುತ್ತದೆ. ಅದನ್ನು ತಿಂದು ಕರಗಿಸಬೇಕಾದ ಸೂಕ್ಷ್ಮಜೀವಿಗಳಿಗೆ ಒಂದಕ್ಕೆ 25, 30ರ ಪ್ರಮಾಣದ ಆಹಾರ ಬೇಕು. ಉಪ್ಪಿಲ್ಲದ, ಬೇಳೆಯಿಲ್ಲದ ಬರೀ ಮುದ್ದೆಯನ್ನು ಮುಂದಿಟ್ಟರೆ ಉಣ್ಣುವವನು ಪಕ್ಕದ ಮನೆಯಿಂದ ಸಾರು ಕೇಳಿ ತರುವಂತೆ, ಈ ಜೀವಿಗಳು ಮಣ್ಣಿನಲ್ಲಿರುವ ಸಾರಜನಕವನ್ನೆಲ್ಲ ತಮ್ಮತ್ತ ಎಳೆದುಕೊಳ್ಳುತ್ತವೆ. ಹಸಿ ಹುಲ್ಲನ್ನು ಉತ್ತು ಒಡನೆಯೇ ನಾಟಿ ಮಾಡಿದ ರೈತನ ಪೈರು ಹಳದಿಗೆ ತಿರುಗುವುದು ಈ ಕಾರಣದಿಂದ. ನೀರು ನಿಂತ ಗದ್ದೆಯಲ್ಲಿ ಇನ್ನೂ ಒಂದು ಕೇಡಿದೆ: ಗಾಳಿಯಿಲ್ಲದೆ ಕೊಳೆತ ಹುಲ್ಲು ಮೊದಲು ಹುಳಿಯುತ್ತದೆ, ಆಮೇಲೆ ಕೆಸರಿನಿಂದ ಮೀಥೇನ್ ಅನಿಲವಾಗಿ ಗುಳ್ಳೆಗುಳ್ಳೆಯಾಗಿ ಏಳುತ್ತದೆ.

ಈ ಬಡತನದ ಗುಟ್ಟನ್ನು ತೂಕಮಾಡಿ ತೋರಿಸಿದವರು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಪ್ರಯೋಗಕ್ಷೇತ್ರದ ಹಚಿನ್‌ಸನ್ ಮತ್ತು ರಿಚರ್ಡ್ಸ್. ದನಗಳಿಲ್ಲದೆಯೇ ಕೊಟ್ಟಿಗೆ ಗೊಬ್ಬರವನ್ನು ತಯಾರಿಸಬಹುದೆ ಎಂದು ಪರೀಕ್ಷಿಸಿ 1921ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ತಿರುಳು ಇಷ್ಟು: 100 ಪಾಲು ಒಣಹುಲ್ಲಿಗೆ ಸುಮಾರು ಮುಕ್ಕಾಲು ಪಾಲು ಸಾರಜನಕವನ್ನು ಹೊರಗಿನಿಂದ ಒದಗಿಸಿ, ನೀರೂ ಗಾಳಿಯೂ ಇರುವಂತೆ ನೋಡಿಕೊಂಡರೆ ಹುಲ್ಲು ತಾನೇ ಕೊಳೆಯುತ್ತದೆ. ಹಸಿ ಸಗಣಿಯ 100 ಕಿಲೋದಲ್ಲಿ 80 ಕಿಲೋ ಬರೀ ನೀರು. ಸಾರಜನಕ ಮುನ್ನೂರು ನಾನೂರು ಗ್ರಾಂ ಮಾತ್ರ. ದನದ ಮೈಯಿಂದ ಹೊರಬೀಳುವ ಸಾರಜನಕದ ದೊಡ್ಡ ಪಾಲು ಇರುವುದು ಗಂಜಲದಲ್ಲಿ. ಸಗಣಿಯನ್ನು ಬುಟ್ಟಿ ತುಂಬಿ ಜೋಪಾನವಾಗಿ ತಿಪ್ಪೆಗೆ ಹೊರುವ ಮನೆಗಳಲ್ಲಿಯೂ ಗಂಜಲ ಮೋರಿಯಲ್ಲಿ ಹರಿದುಹೋಗುವುದನ್ನು ಕಂಡರೆ, ಹಾಲು ಚೆಲ್ಲಿ ಪಾತ್ರೆ ಕಾಯ್ದಂತೆ ತೋರುತ್ತದೆ.

ಇಂದೂರಿನ ಗುಂಡಿ, ಬೆಂಗಳೂರಿನ ಗುಂಡಿ

ಗಂಜಲದ ಬೆಲೆಯನ್ನು ಬಲ್ಲವರಲ್ಲಿ ಮುಖ್ಯರು ಆಲ್ಬರ್ಟ್ ಹೋವರ್ಡ್. 1905ರಲ್ಲಿ ಬಿಹಾರದ ಪೂಸಾ ಸಂಶೋಧನಾಲಯಕ್ಕೆ ಸಸ್ಯಶಾಸ್ತ್ರಜ್ಞರಾಗಿ ಬಂದ ಅವರು ಇಲ್ಲಿಯ ರೈತರಿಗೆ ಕಲಿಸುವುದಕ್ಕಿಂತ ಅವರಿಂದ ಕಲಿಯುವುದೇ ಹೆಚ್ಚೆಂದು ಬೇಗನೆ ಕಂಡುಕೊಂಡರು. 1924ರಿಂದ 1931ರವರೆಗೆ ಇಂದೂರಿನಲ್ಲಿದ್ದಾಗ, ಯಶವಂತ ವಾಡ್ ಎಂಬ ರಸಾಯನಶಾಸ್ತ್ರಜ್ಞರ ಜೊತೆಯಲ್ಲಿ, ಚೀನೀ ರೈತರ ಪುರಾತನ ಪದ್ಧತಿಯನ್ನೂ ಭಾರತದ ಕೊಟ್ಟಿಗೆಯನ್ನೂ ಪ್ರಯೋಗಾಲಯದ ಅಳತೆಗೋಲಿಗೆ ತಂದು ‘ಇಂದೂರು ವಿಧಾನ’ವನ್ನು ರೂಪಿಸಿದರು. ಹೊಲದ ಕಸಕಡ್ಡಿಯೆಲ್ಲ ಎತ್ತುಗಳ ಕಾಲಡಿಯ ಹಾಸು. ಗಂಜಲ ಇಂಗಿದ ಕೊಟ್ಟಿಗೆಯ ಮಣ್ಣು, ಸಗಣಿಯ ಬಗ್ಗಡ, ಕಟ್ಟಿಗೆಯ ಬೂದಿ, ಹಳೆಯ ಗುಂಡಿಯಿಂದ ತೆಗೆದ ಒಂದಿಷ್ಟು ಹೆಪ್ಪು. ಹತ್ತಿಯ ಗಟ್ಟಿ ಕಡ್ಡಿಗಳನ್ನು ನುಗ್ಗುಮಾಡಲು ಅವರು ಗಾಡಿ ಓಡಾಡುವ ದಾರಿಯ ಮೇಲೆ ಹರಡಿಸುತ್ತಿದ್ದರಂತೆ. ಮೂರು ಬಾರಿ ಮಗುಚಿದರೆ ಮೂರು ತಿಂಗಳಿಗೆ ಗೊಬ್ಬರ ಸಿದ್ಧ. 1931ರಲ್ಲಿ ಅಚ್ಚಾದ ಅವರಿಬ್ಬರ ಪುಸ್ತಕದಿಂದ ಈ ವಿಧಾನ ಹಲವು ದೇಶಗಳನ್ನು ತಲುಪಿತು.

ಬೆಂಗಳೂರಿನ ಪಾತ್ರವೂ ಕಡಿಮೆಯದಲ್ಲ. ಮ್ಯಾಂಚೆಸ್ಟರ್ ನಗರದ ಕೊಳಚೆನೀರನ್ನು ಶುದ್ಧಿಮಾಡುವ ಹೊಸ ವಿಧಾನದ ಶೋಧನೆಯಲ್ಲಿ ಪಾಲ್ಗೊಂಡಿದ್ದ ಗಿಲ್ಬರ್ಟ್ ಫೌಲರ್, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದು ಇಲ್ಲಿ ಕಸ ಕೊಳೆಯುವ ವಿದ್ಯೆಗೆ ಬುನಾದಿ ಹಾಕಿದರು. ಆಮೇಲೆ ಬಂದವರು ಸಿ. ಎನ್. ಆಚಾರ್ಯ. ಗಾಳಿಯ ಸಂಪರ್ಕವಿಲ್ಲದೆ ಬತ್ತದ ಹುಲ್ಲು ಹೇಗೆ ಕೊಳೆಯುತ್ತದೆಂಬುದನ್ನು ಬಿಡಿಸಿ ನೋಡಿದ ಅವರ ಲೇಖನ 1935ರಲ್ಲಿ ಇಂಗ್ಲೆಂಡಿನ ಜೀವರಸಾಯನ ಪತ್ರಿಕೆಯಲ್ಲಿ ಬೆಳಕು ಕಂಡಿತು. ಆ ತಿಳಿವಳಿಕೆಯನ್ನು ನೆಲಕ್ಕಿಳಿಸಿ 1939ರಲ್ಲಿ ಅವರು ಹೊರತಂದದ್ದೇ ‘ಬೆಂಗಳೂರು ವಿಧಾನ’. ಊರಿನ ಕಸವನ್ನೂ ಮಲವನ್ನೂ ಪದರಪದರವಾಗಿ ಗುಂಡಿಗೆ ತುಂಬಿ, ಕೆಲವು ದಿನ ಗಾಳಿಯಾಡಲು ಬಿಟ್ಟು, ಕಾವೆದ್ದ ಮೇಲೆ ಮಣ್ಣಿನಿಂದ ಮೆತ್ತಿಬಿಡುವುದು. ಮಗುಚುವ ಕೂಲಿಯಿಲ್ಲ; ನೊಣದ ಕಾಟವಿಲ್ಲ; ಆರರಿಂದ ಎಂಟು ತಿಂಗಳು ಕಾಯಬೇಕು, ಅಷ್ಟೆ. ಕನ್ನಡದಲ್ಲಿ ‘ತಿಪ್ಪೆ ಸಾರಿಸುವುದು’ ಎಂದರೆ ಹುಳುಕು ಮುಚ್ಚುವ ಕೆಲಸ. ಆ ಮಾತಿಗೆ ಬೆಂಗಳೂರಿನ ವಿಜ್ಞಾನಿಯೊಬ್ಬರು ಅಕ್ಷರಶಃ ಒಂದು ಉಪಯೋಗವನ್ನು ಕಂಡುಹಿಡಿದರೆಂದು ಹಾಸ್ಯಮಾಡಬಹುದು.

ಬೂಷ್ಟಿನ ಪಡೆ

ಹುಲ್ಲಿನ ಕೋಟೆಗೆ ಲಗ್ಗೆಯಿಡುವವರಲ್ಲಿ ಮೊದಲಿಗರು ಬೂಷ್ಟುಗಳು, ಎಂದರೆ ಶಿಲೀಂಧ್ರಗಳು. ಬ್ಯಾಕ್ಟೀರಿಯ ಸಂಖ್ಯೆಯಲ್ಲಿ ಎಷ್ಟೇ ಹೆಚ್ಚಿರಲಿ, ಅದು ನೀರಿನ ಹನಿಯಲ್ಲಿ ಈಜುವ ಜೀವಿ. ಒಣಗಿದ ಗೋಡೆಯನ್ನು ಅದು ತೂರಲಾರದು. ಶಿಲೀಂಧ್ರವಾದರೋ ದಾರ ನೂಲುತ್ತ ಸಾಗುತ್ತದೆ. ಕೂದಲಿಗಿಂತ ಎಷ್ಟೋ ಪಾಲು ನವುರಾದ ಅದರ ಎಳೆ ಹುಲ್ಲಿನ ಟೊಳ್ಳಿನೊಳಕ್ಕೆ ನುಗ್ಗಿ, ತುದಿಯಿಂದ ಕಿಣ್ವರಸವನ್ನು ಸೂಸಿ, ನಾರನ್ನು ಸಕ್ಕರೆಯಾಗಿ ಕರಗಿಸಿ ಹೀರುತ್ತದೆ.

ಈ ಸಾಮರ್ಥ್ಯವನ್ನು ಜಗತ್ತು ವಿಚಿತ್ರ ಸನ್ನಿವೇಶದಲ್ಲಿ ಅರಿಯಿತು. ಎರಡನೆಯ ಮಹಾಯುದ್ಧದಲ್ಲಿ ಶಾಂತಸಾಗರದ ಸಾಲೊಮನ್ ದ್ವೀಪಗಳಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನ್ಯಕ್ಕೆ ಜಪಾನೀಯರಲ್ಲದೆ ಇನ್ನೊಂದು ಶತ್ರು ಎದುರಾಯಿತು. ಗುಡಾರ, ಸಮವಸ್ತ್ರ, ಸೊಂಟಪಟ್ಟಿ, ಹತ್ತಿಯ ನೂಲಿನದೆಲ್ಲವೂ ತಿಂಗಳೊಪ್ಪತ್ತಿನಲ್ಲಿ ಜಾಳುಜಾಳಾಗಿ ಹರಿದುಬೀಳತೊಡಗಿತು. ಕೊಳೆತ ಬಟ್ಟೆಗಳನ್ನು ಪ್ರಯೋಗಾಲಯಕ್ಕೆ ತರಿಸಿ ಪರೀಕ್ಷಿಸಿದಾಗ ಸಿಕ್ಕ ಬೂಷ್ಟುಗಳಲ್ಲೊಂದು ಟ್ರೈಕೋಡರ್ಮ ಎಂಬ ಹಸುರು ಬಣ್ಣದ ಶಿಲೀಂಧ್ರ. ಅದನ್ನು ಬಹುಕಾಲ ಅಭ್ಯಸಿಸಿದ ಎಲ್ವಿನ್ ರೀಸ್ ಎಂಬ ವಿಜ್ಞಾನಿಯ ಗೌರವಾರ್ಥವಾಗಿ 1977ರಲ್ಲಿ ಆ ಪ್ರಭೇದಕ್ಕೆ ಟ್ರೈಕೋಡರ್ಮ ರೀಸಿಯೈ ಎಂದು ಹೆಸರಾಯಿತು. ಸೈನ್ಯದ ಗುಡಾರವನ್ನು ತಿಂದ ಜೀವಿಯ ಬಂಧುಗಳು ರೈತನ ಹುಲ್ಲನ್ನೇಕೆ ತಿನ್ನಬಾರದು? 1980ರ ದಶಕದಲ್ಲಿ ಫಿಲಿಪ್ಪೀನ್ಸ್ ವಿಶ್ವವಿದ್ಯಾನಿಲಯದ ಲಾಸ್ ಬನ್ಯೋಸ್ ಕೇಂದ್ರದಲ್ಲಿ ವರ್ಜೀನಿಯಾ ಕ್ಯೂವಾಸ್ ಎಂಬ ವಿಜ್ಞಾನಿ ಅದೇ ಕುಲದ ಟ್ರೈಕೋಡರ್ಮ ಹಾರ್ಜಿಯೇನಮನ್ನು ಬೆಳೆಸಿ ಬತ್ತದ ಹುಲ್ಲಿನ ರಾಶಿಗೆ ಬೆರೆಸಿದರು. ಮೂರು ನಾಲ್ಕು ಪಾಲು ಹುಲ್ಲಿಗೆ ಒಂದು ಪಾಲು ಕೋಳಿಗೊಬ್ಬರವೋ ಎಮ್ಮೆಯ ಸಗಣಿಯೋ ದ್ವಿದಳದ ಸೊಪ್ಪೋ. ಒಟ್ಟು ತೂಕದ ನೂರಕ್ಕೊಂದು ಪಾಲು ಬೂಷ್ಟಿನ ಹೆಪ್ಪು. ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸ ಮೂರು ನಾಲ್ಕು ವಾರಗಳಿಗೆ ಇಳಿಯಿತು.

ದಿಲ್ಲಿಯ ಪೂಸಾ ಸಂಸ್ಥೆಯ ಶಿಲೀಂಧ್ರದ ಗುಳಿಗೆಗಳು 2020ರಲ್ಲಿ ಸುದ್ದಿಯಾದುದು ಈ ಹಾದಿಯಲ್ಲಿಯೇ. ಬೆಲ್ಲದ ನೀರಿಗೆ ಕಡಲೆಹಿಟ್ಟು ಬೆರೆಸಿ ಅದರಲ್ಲಿ ಬೂಷ್ಟನ್ನು ಬೆಳೆಸಿ ಗದ್ದೆಯ ಕೂಳೆಯ ಮೇಲೆಯೇ ಸಿಂಪಡಿಸುವುದು. ಉಪಾಯ ಚೆನ್ನಾಗಿದೆ, ಅಗ್ಗವೂ ಹೌದು. ಆದರೆ ಅದಕ್ಕೂ ತೇವ ಬೇಕು, ಉಳುಮೆ ಬೇಕು, 20-25 ದಿನ ಬೇಕು. ಪಂಜಾಬಿನ ರೈತನಲ್ಲಿ ಇಲ್ಲದಿರುವುದು ಆ ದಿನಗಳೇ. ಗುಳಿಗೆ ನುಂಗಿಸಿ ಹುಲ್ಲನ್ನು ಮಾಯಮಾಡಬಹುದೆಂಬಂತೆ ಆಗ ನಡೆದ ಪ್ರಚಾರ, ಪಾಪ, ಆ ಬೂಷ್ಟಿಗೇ ಅನ್ಯಾಯಮಾಡಿತು. ಹೆಪ್ಪು ಎಷ್ಟು ಒಳ್ಳೆಯದಾದರೂ ಹಾಲಿಲ್ಲದೆ ಮೊಸರಾಗದು.

ಒಂದು ರಾಶಿಯ ಬದುಕು

ಹುಲ್ಲನ್ನು ಗೇಣುದ್ದಕ್ಕೆ ಕತ್ತರಿಸಿ, ರಾತ್ರಿಯೆಲ್ಲ ನೀರಿನಲ್ಲಿ ನೆನೆಯಿಸಿ, ನೆರಳಿನಲ್ಲಿ ಎತ್ತರದ ಜಾಗ ನೋಡಿ ಒಟ್ಟಬೇಕು. ಒಂದು ಟನ್ ಒಣಹುಲ್ಲು ಒಂದೂವರೆ ಟನ್ ನೀರು ಕುಡಿಯುತ್ತದೆ. ನೆನೆದ ಹುಲ್ಲನ್ನು ಮುಷ್ಟಿಯಲ್ಲಿ ಹಿಂಡಿದರೆ ಬೆರಳಿನ ಸಂದಿಯಲ್ಲಿ ಒಂದೆರಡು ಹನಿ ಒಸರಬೇಕು. ಧಾರೆ ಹರಿದರೆ ಹೆಚ್ಚಾಯಿತು, ಒಸರದಿದ್ದರೆ ಕಡಿಮೆಯಾಯಿತು. ಕೆಳಗೆ ಗಾಳಿಯಾಡಲು ಒರಟು ಕಡ್ಡಿಗಳ ಹಾಸು, ಅದರ ಮೇಲೆ ಗೇಣು ದಪ್ಪ ಹುಲ್ಲು, ಗಂಜಲ ಕದಡಿದ ಸಗಣಿಯ ಬಗ್ಗಡ, ಒಂದು ಹಿಡಿ ಹಳೆಯ ತಿಪ್ಪೆಯ ಮಣ್ಣು, ಬೂಷ್ಟಿನ ಹೆಪ್ಪಿದ್ದರೆ ಅದು, ಹೀಗೆ ಎದೆಯೆತ್ತರಕ್ಕೆ.

ಮೂರನೆಯ ದಿನ ರಾಶಿಗೆ ಕಬ್ಬಿಣದ ಹಾರೆಯನ್ನು ನೆಟ್ಟು ಕೆಲವು ನಿಮಿಷದ ಮೇಲೆ ಕಿತ್ತು ಮುಟ್ಟಿದರೆ ಕೈ ಚುರುಗುಟ್ಟುತ್ತದೆ. ಒಳಗೆ 60 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾವು! ಅಷ್ಟು ಬಿಸಿಯನ್ನು ತಾಳಲಾರದೆ ಬೂಷ್ಟುಗಳಲ್ಲಿ ಬಹುಪಾಲು ರಾಶಿಯ ಅಂಚಿಗೆ ಹಿಂಜರಿಯುತ್ತವೆ. ಬಿಸಿಯನ್ನೇ ಬಯಸುವ ಬ್ಯಾಕ್ಟೀರಿಯ ನಡುವಿನ ಗಾದಿಯನ್ನೇರುತ್ತದೆ. ಕಳೆಯ ಬೀಜ, ಬೆಳೆಯ ರೋಗಾಣು, ನೊಣದ ಮರಿ, ಎಲ್ಲವೂ ಈ ಕುಲುಮೆಯಲ್ಲಿ ಬೆಂದುಹೋಗುತ್ತವೆ. ಅದಕ್ಕಾಗಿಯೇ ಎರಡು ವಾರಕ್ಕೊಮ್ಮೆ ರಾಶಿಯನ್ನು ಮಗುಚಿ ಅಂಚಿನದನ್ನು ನಡುವಿಗೂ ನಡುವಿನದನ್ನು ಅಂಚಿಗೂ ತರುವುದು. ಮಗುಚುವಾಗ ಹುಲ್ಲಿನ ಮೇಲೆ ಸುಣ್ಣ ಎರಚಿದಂತೆ ಬೂದುಬಿಳುಪಿನ ಪುಡಿ ಕಂಡರೆ ಅಂಜಬೇಕಾದುದಿಲ್ಲ. ಹೊಸಮಳೆಯ ಮಣ್ಣಿಗೆ ವಾಸನೆ ಕೊಡುವ ಆಕ್ಟಿನೋಮೈಸೀಟ್ ಎಂಬ ಜೀವಿಗಳ ವಸಾಹತು ಅದು. ಮೂಗು ಇಲ್ಲಿ ಒಳ್ಳೆಯ ಗುರು. ಮೂಗಿಗೆ ಬಡಿಯುವ ಗಂಜಲದ ಘಾಟು ಎದ್ದರೆ ಸಾರಜನಕ ಹಾರಿಹೋಗುತ್ತಿದೆ, ಇನ್ನಷ್ಟು ಹುಲ್ಲು ಬೇಕು. ಕೊಳೆತ ಮೊಟ್ಟೆಯ ನಾತ ಬಂದರೆ ನೀರು ಹೆಚ್ಚಾಗಿ ಉಸಿರು ಕಟ್ಟಿದೆ, ಕೂಡಲೆ ಮಗುಚಬೇಕು. ಕಾವೇ ಏಳದಿದ್ದರೆ ಒಂದೋ ನೀರು ಸಾಲದು, ಇಲ್ಲವೆ ಸಗಣಿ ಸಾಲದು.

ಐದಾರು ವಾರಗಳಲ್ಲಿ ಕಾವು ಇಳಿಯುತ್ತದೆ. ರಾಶಿ ಅರ್ಧಕ್ಕೆ ಕುಗ್ಗಿರುತ್ತದೆ. ಓಡಿಹೋಗಿದ್ದ ಬೂಷ್ಟುಗಳು ಮರಳಿ ಬಂದು ಉಳಿದ ಗಟ್ಟಿ ನಾರನ್ನು ಹೆಣೆದುಕೊಳ್ಳುತ್ತವೆ; ಒಮ್ಮೊಮ್ಮೆ ಮಳೆ ಬಿದ್ದ ಬೆಳಗ್ಗೆ ರಾಶಿಯ ಮೇಲೆ ಸಣ್ಣ ಸಣ್ಣ ಕೊಡೆಗಳು ಅರಳಿ ಮಧ್ಯಾಹ್ನಕ್ಕೆ ಮಸಿಯಾಗಿ ಸೋರಿಹೋಗುತ್ತವೆ. ಜಾಣರು ಹುಲ್ಲನ್ನು ತಿಪ್ಪೆಗೆ ಹಾಕುವ ಮುನ್ನ ಅದರ ಮೇಲೆ ಚಿಪ್ಪಣಬೆಯನ್ನು ಬೆಳೆದು ಮಾರಿ, ಬಳಿಕ ಆ ಮೆತ್ತಗಾದ ಹುಲ್ಲನ್ನು ರಾಶಿಗೆ ಸೇರಿಸುತ್ತಾರೆ. ಲಿಗ್ನಿನ್ನನ್ನು ಬಿಡಿಸುವ ಕಷ್ಟದ ಕೆಲಸವನ್ನು ಅಣಬೆ ಅಷ್ಟರಲ್ಲಿ ಮಾಡಿರುತ್ತದೆ.

ಹಲ್ಲಿಲ್ಲದ ಗಿರಣಿ

ರಾಶಿಯ ಮೇಲೆ ಅಂಗೈಯನ್ನು ಆರಾಮವಾಗಿ ಇಡಬಹುದಾದಾಗಲೇ ಎರೆಹುಳುವಿನ ಪ್ರವೇಶ. ಅವಸರಪಟ್ಟು ಮೊದಲೇ ಬಿಟ್ಟವರು ಹುಳುಗಳನ್ನು ಬೇಯಿಸಿ ಕೊಂದಿದ್ದಾರೆ. 35 ಡಿಗ್ರಿ ದಾಟಿದರೆ ಅವಕ್ಕೆ ಉಳಿಗಾಲವಿಲ್ಲ. ಹೊಚ್ಚ ಹೊಸ ಸಗಣಿಯ ಕಾವೂ ಅಮೋನಿಯವೂ ಅವಕ್ಕೆ ವಿಷವೇ.

ಎರೆಹುಳುವನ್ನು ಲೋಕದ ಕಣ್ಣಿಗೆ ಎತ್ತಿತೋರಿಸಿದವನು ಚಾರ್ಲ್ಸ್ ಡಾರ್ವಿನ್. ಜೀವವಿಕಾಸದ ವಾದದಿಂದ ಜಗತ್ತನ್ನೇ ಅಲ್ಲಾಡಿಸಿದ ಆ ವೃದ್ಧ, ಸಾಯುವ ಹಿಂದಿನ ವರ್ಷ, ಎಂದರೆ 1881ರಲ್ಲಿ, ಪ್ರಕಟಿಸಿದ ಕೊನೆಯ ಪುಸ್ತಕ ಎರೆಹುಳುಗಳನ್ನು ಕುರಿತದ್ದು. ಹುಳುಗಳಿಗೆ ಕಿವಿಯುಂಟೆ ಎಂದು ತಿಳಿಯಲು ಅವನು ಮಗನಿಂದ ಬಸ್ಸೂನ್ ಎಂಬ ಕೊಳವೆವಾದ್ಯವನ್ನು ಊದಿಸಿದ, ಹೆಂಡತಿಯಿಂದ ಪಿಯಾನೋ ನುಡಿಸಿದ. ಹುಳುಗಳು ಮಿಸುಕಲಿಲ್ಲ. ಅವುಗಳಿದ್ದ ಕುಂಡವನ್ನು ಪಿಯಾನೋದ ಮೇಲೆಯೇ ಇಟ್ಟು ಒಂದು ಸ್ವರ ಒತ್ತಿದಾಗ ಕಂಪನಕ್ಕೆ ಬೆದರಿ ಬಿಲ ಸೇರಿದುವು! ಇಂಗ್ಲೆಂಡಿನ ಎಷ್ಟೋ ಕಡೆ ಒಂದು ಎಕರೆಯಲ್ಲಿ ವರ್ಷಕ್ಕೆ 10 ಟನ್ನಿಗೂ ಹೆಚ್ಚು ಮಣ್ಣು ಈ ಹುಳುಗಳ ಹೊಟ್ಟೆಯನ್ನು ಹಾದು ಹೊರಬರುತ್ತದೆಂದು ಅವನು ಲೆಕ್ಕಹಾಕಿದ.

ಆದರೆ ಡಾರ್ವಿನ್ನನ ಹುಳು ಬೇರೆ, ತಿಪ್ಪೆಯ ಹುಳು ಬೇರೆ. ಆಳಕ್ಕೆ ಬಿಲ ತೋಡಿ ಮಣ್ಣು ತಿನ್ನುವ ಹೊಲದ ಹುಳುವನ್ನು ತಂದು ರಾಶಿಗೆ ಬಿಟ್ಟರೆ ಅದು ಸದ್ದಿಲ್ಲದೆ ಜಾಗ ಖಾಲಿಮಾಡುತ್ತದೆ. ತಿಪ್ಪೆಗೆ ಬೇಕಾದುದು ಮೇಲ್ಪದರದಲ್ಲಿ ಕೊಳೆತುದನ್ನೇ ತಿಂದು ಬಾಳುವ ಜಾತಿ. ಭಾರತದ್ದೇ ಆದ ಪೆರಿಯೋನಿಕ್ಸ್ ಎಕ್ಸ್‌ಕವೇಟಸ್ ಹಳೆಯ ಸಗಣಿಯ ಅಡಿಯಲ್ಲಿ ತಾನಾಗಿಯೇ ಸಿಗುತ್ತದೆ. ಪಶ್ಚಿಮ ಆಫ್ರಿಕ ಮೂಲದ ಯುಡ್ರಿಲಸ್ ಯುಜೀನಿಯೆ ಗಾತ್ರದಲ್ಲಿ ದೊಡ್ಡದು, ತಿನ್ನುವುದರಲ್ಲಿಯೂ ಮುಂದು. ಐಸೀನಿಯ ಫೆಟಿಡ ಚಳಿಯನ್ನೂ ಸೆಕೆಯನ್ನೂ ಹೆಚ್ಚು ತಾಳುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ರಾಧಾ ಕಾಳೆ ಅವರು ದಶಕಗಳ ಕಾಲ ನಡೆಸಿದ ಅಧ್ಯಯನದಿಂದ ಎರೆಗೊಬ್ಬರ ಈ ನಾಡಿನ ರೈತರ ಅಂಗಳದ ಮಾತಾಯಿತು. ಎರೆಹುಳುವನ್ನು ಸಾವಯವ ಕೃಷಿಯ ಸಿಂಡರೆಲಾ ಎಂದು ಅವರು ತಮ್ಮ ಪುಸ್ತಕಕ್ಕೆ ಹೆಸರಿಟ್ಟರು.

ಈ ಸಿಂಡರೆಲಾಗೆ ಹಲ್ಲಿಲ್ಲ, ಕಣ್ಣಿಲ್ಲ, ಚರ್ಮದಿಂದಲೇ ಉಸಿರಾಟ. ಆದುದರಿಂದ ಮೈ ಒಣಗಿದರೆ ಮರಣ. ಮೆತ್ತಗಾದ ಹುಲ್ಲಿನ ಚೂರನ್ನು ಒಂದೆರಡು ಮರಳಿನ ಕಣದೊಡನೆ ನುಂಗಿ, ಅರೆಚೀಲವೆಂಬ ಸ್ನಾಯುವಿನ ಬೀಸುಕಲ್ಲಿನಲ್ಲಿ ಅರೆಯುತ್ತದೆ. ನಿಜವಾಗಿ ಅದು ಬಯಸುವುದು ಹುಲ್ಲನ್ನಲ್ಲ, ಹುಲ್ಲಿಗೆ ಮೆತ್ತಿಕೊಂಡ ಬೂಷ್ಟನ್ನೂ ಬ್ಯಾಕ್ಟೀರಿಯವನ್ನೂ. ಕೋಟೆಯನ್ನು ಒಡೆದ ಸೈನಿಕರೇ ಕೊನೆಗೆ ಹುಳುವಿಗೆ ಊಟ. ಅವುಗಳ ಮೈಯಲ್ಲಿ ಸೆರೆಯಾಗಿದ್ದ ಸಾರಜನಕ ಆಗ ಬಿಡುಗಡೆಯಾಗಿ ಸಾಸಿವೆಯಂತಹ ಕಪ್ಪು ಹಿಕ್ಕೆಯಲ್ಲಿ, ಬೇರು ಕುಡಿಯಬಲ್ಲ ರೂಪದಲ್ಲಿ, ಹೊರಬರುತ್ತದೆ. ದನ, ಬೂಷ್ಟು, ಕಾವು, ಹುಳು: ಈ ಸರದಿಯಲ್ಲಿ ಯಾರನ್ನೂ ಹಿಂದುಮುಂದು ಮಾಡುವಂತಿಲ್ಲ.

ಎರೆಗೊಬ್ಬರವನ್ನು ಚೀಲದಲ್ಲಿ ತುಂಬಿ ಮಾರುವವರು ಅದಕ್ಕೆ ಇಲ್ಲದ ಮಹಿಮೆಗಳನ್ನೆಲ್ಲ ಕಟ್ಟುವುದುಂಟು. ಹುಳು ಯಾವ ಪೋಷಕವನ್ನೂ ಹೊಸದಾಗಿ ಸೃಷ್ಟಿಸುವುದಿಲ್ಲ. ಹುಲ್ಲಿನಲ್ಲಿಯೂ ಸಗಣಿಯಲ್ಲಿಯೂ ಇಲ್ಲದುದು ಗೊಬ್ಬರದಲ್ಲಿ ಇರಲಾರದು. ಒಂದು ಎಕರೆಯ 2 ಟನ್ ಹುಲ್ಲು, 4 ಟನ್ ಹಸಿ ಸಗಣಿ ಸೇರಿ ನಾಲ್ಕು ತಿಂಗಳಿಗೆ ಕೊಡುವ ಗೊಬ್ಬರ ಎರಡು ಟನ್ನಿಗೆ ತುಸು ಹೆಚ್ಚು. ಅದರಲ್ಲಿರುವ ಸಾರಜನಕ ಸುಮಾರು 20 ಕಿಲೋ, ಎಂದರೆ 45 ಕಿಲೋದ ಒಂದೇ ಒಂದು ಚೀಲ ಯೂರಿಯದಲ್ಲಿರುವಷ್ಟು! ಇಷ್ಟು ಬೆವರಿಗೆ ಇಷ್ಟೆಯೆ ಎಂದು ರೈತ ಕೇಳಿದರೆ ತಪ್ಪಿಲ್ಲ. ಆದರೆ ಹುಲ್ಲಿನೊಡನೆ ಬಂದ ಪೊಟ್ಯಾಷ್ ಪೇಟೆಯ 50 ಕಿಲೋದ ಒಂದು ಚೀಲವನ್ನು ಮೀರುತ್ತದೆ. ಭಾರತ ಆ ಚೀಲವನ್ನು ಹೊರದೇಶದಿಂದ ಕೊಂಡು ತರುತ್ತದೆ. ಜೊತೆಗೆ ಯೂರಿಯದ ಚೀಲದಲ್ಲಿ ಹಿಡಿಯಷ್ಟೂ ಇಲ್ಲದ ಒಂದು ವಸ್ತು ಇಲ್ಲಿ ಅರ್ಧ ಟನ್ನಿಗೂ ಹೆಚ್ಚು: ಕೊಳೆತು ಹದಗೊಂಡ ಕಪ್ಪು ಸಾವಯವ ಪದಾರ್ಥ. ಪೊಟ್ಯಾಷ್ ನೀರಿನಲ್ಲಿ ಸುಲಭವಾಗಿ ಕರಗುವಂಥದು. ಮೇಲೆ ಚಪ್ಪರವಿಲ್ಲದ ತಿಪ್ಪೆಯಿಂದ ಮಳೆಗಾಲದಲ್ಲಿ ಹರಿಯುವ ಕಂದು ನೀರಿನಲ್ಲಿ ಆ ಚೀಲವೇ ಕರಗಿ ಹರಿದುಹೋಗುತ್ತಿರುತ್ತದೆ.

ತುಂಗಭದ್ರೆಯ ಬಯಲಿಗೆ ಎತ್ತಿನ ಜೊತೆಗಳು ಹಿಂದಿನಂತೆ ಮರಳಿ ಬರುವ ಸೂಚನೆಯಿಲ್ಲ. ಆದರೆ ಹಾಲಿನ ಎಮ್ಮೆ ಹಸುಗಳನ್ನು ಸಾಕಿದವರು, ಕೋಳಿಯ ಸಾಕಣೆಯವರು, ಕುರಿಯ ಹಿಂಡಿನವರು ದೂರದಲ್ಲಿಲ್ಲ. ಕುರಿಯವರನ್ನು ಕರೆದು ಹೊಲದಲ್ಲಿ ಹಿಂಡು ತಂಗಿಸಿಕೊಂಡು ಕಾಳು ಕೊಟ್ಟು ಕಳುಹಿಸುವ ಪದ್ಧತಿ ಆ ಸೀಮೆಗೆ ಹೊಸದಲ್ಲ. ಒಬ್ಬನಲ್ಲಿ ಹುಲ್ಲು ಹೆಚ್ಚು, ಇನ್ನೊಬ್ಬನಲ್ಲಿ ಹಿಕ್ಕೆ ಹೆಚ್ಚು. ನಡುವೆ ಒಂದು ಗಾಡಿಯ ಬಾಡಿಗೆ. ಎಕರೆಯ ಹುಲ್ಲನ್ನೆಲ್ಲ ಹೊರಲಾಗದವನು ಕಾಲು ಎಕರೆಯದನ್ನು ಬದುವಿನ ಮರದಡಿಗೆ ಎಳೆದುಹಾಕಿದರೂ ಆ ಕಾಲುಭಾಗದ ಮಟ್ಟಿಗೆ ಬೆಂಕಿ ಸೋತಂತೆಯೇ.

ಗೊಬ್ಬರ ಪಕ್ವವಾದುದಕ್ಕೆ ಗುರುತು, ಹುಲ್ಲಿನ ಆಕಾರ ಅಳಿದು ಕೈಗೆ ಚಹದ ಪುಡಿಯಂತೆ ಉದುರುವುದು. ಆಗ ನೀರು ಚಿಮುಕಿಸುವುದನ್ನು ನಿಲ್ಲಿಸಬೇಕು. ಮೇಲ್ಪದರ ಒಣಗುತ್ತಿದ್ದಂತೆ ಹುಳುಗಳು ತೇವವನ್ನರಸಿ ಕೆಳಗಿಳಿಯುತ್ತವೆ. ಮೇಲಿನದನ್ನು ಕೈಯಿಂದ ಗೋರಿ ಜರಡಿ ಹಿಡಿಯಬಹುದು. ಹಾರೆ, ಗುದ್ದಲಿ ಹಾಕಕೂಡದು. ತಳದಲ್ಲಿ ಗುಂಪುಗೂಡಿದ ಹುಳುಗಳನ್ನು ಹೆಕ್ಕಬೇಕಾದುದೂ ಇಲ್ಲ. ಪಕ್ಕದಲ್ಲಿ ಹೊಸ ರಾಶಿಯ ಕಾವು ಇಳಿದಿದ್ದರೆ, ಅದರ ಅಂಚಿಗೆ ನೆನೆದ ಹಳೆಯ ಸಗಣಿಯ ನಾಲ್ಕಾರು ಉಂಡೆಗಳನ್ನಿಟ್ಟು ಗೋಣಿ ಹೊದಿಸಿದರೆ ಸಾಕು. ರಾತ್ರಿ ಕಳೆದು ಗೋಣಿಯನ್ನು ಎತ್ತಿದಾಗ ಉಂಡೆಗಳ ತುಂಬ ಕೆಂಪು ಎಳೆಗಳು ಹೊರಳಾಡುತ್ತಿರುತ್ತವೆ.